ಪಕ್ಕದ ಸಭಾಂಗಣದ ಲೇಖಕರು

ಮಂಗಳೂರಿನ ದಿನಪತ್ರಿಕೆಗಳ ಸ್ಥಳೀಯ ಪುಟದ ಒಂದು ಮೂಲೆಯಲ್ಲಿ ‘ಇಂದಿನ ಕಾರ್ಯಕ್ರಮ’ ಎಂಬ ಪುಟ್ಟ ಅಂಕಣ ಇರುತ್ತದೆ. ಅಕ್ಷರ ಸಣ್ಣದು, ಚಿತ್ರ ಇಲ್ಲ, ಯಾರ ಕಣ್ಣೂ ಅಲ್ಲಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಭಾನುವಾರದ ಅಂಕಣವನ್ನು ಒಮ್ಮೆ ನಿಧಾನವಾಗಿ ಓದಿ ನೋಡಿ. ಉರ್ವಸ್ಟೋರಿನಲ್ಲಿ ಕಥಾಸಂಕಲನದ ಬಿಡುಗಡೆ, ಶಕ್ತಿನಗರದಲ್ಲಿ ಕೊಂಕಣಿ ಕವಿಗೋಷ್ಠಿ, ಪುರಭವನದಲ್ಲಿ ಅಭಿನಂದನ ಗ್ರಂಥದ ಅರ್ಪಣೆ, ಯಾವುದೋ ದೇವಸ್ಥಾನದ ಸಭಾಭವನದಲ್ಲಿ ತಾಳಮದ್ದಳೆ, ಬ್ಯಾರಿ ಕವಿಗಳ ಒಂದು ಕೂಟ. ಇಷ್ಟೂ ಒಂದೇ ಊರಿನಲ್ಲಿ, ಹಲವು ಸಲ ಒಂದೇ ಸಂಜೆ, ಒಂದರಿಂದ ಇನ್ನೊಂದಕ್ಕೆ ರಿಕ್ಷಾದಲ್ಲಿ ಹೋಗಿ ಬರುವಷ್ಟು ಹತ್ತಿರದಲ್ಲಿ ನಡೆಯುತ್ತದೆ.

ಆದರೂ ‘ಮಂಗಳೂರಿನ ಲೇಖಕರು ಯಾರು’ ಎಂದು ಇಲ್ಲಿನವರನ್ನೇ ಕೇಳಿದರೆ ಉತ್ತರ ತಡವರಿಸುತ್ತದೆ. ಕಾರಂತರು ಎನ್ನುತ್ತಾರೆ, ಅವರು ಕೋಟದಲ್ಲಿ ಹುಟ್ಟಿ ಪುತ್ತೂರಿನಲ್ಲಿ ಬಾಳಿದವರು. ಗೋವಿಂದ ಪೈ ಎನ್ನುತ್ತಾರೆ. ಮಂಗಳೂರಿನಲ್ಲಿ ಹುಟ್ಟಿದ್ದು ಹೌದು, ಹೆಸರಿಗೆ ಅಂಟಿಕೊಂಡದ್ದು ಮಂಜೇಶ್ವರ. ಮುಂದಿನ ಹೆಸರು ಕೇಳಿದರೆ ಕನ್ನಡದ ಓದುಗರು ಕನ್ನಡದವರ ಹೆಸರು, ಕೊಂಕಣಿಯವರು ಕೊಂಕಣಿಯವರ ಹೆಸರು, ತುಳುವರು ತುಳುವಿನವರ ಹೆಸರು ಹೇಳುತ್ತಾರೆ. ಒಬ್ಬರ ಪಟ್ಟಿಯಲ್ಲಿ ಇರುವವರು ಇನ್ನೊಬ್ಬರ ಪಟ್ಟಿಯಲ್ಲಿ ಇರುವುದಿಲ್ಲ. ಈ ಊರಿನಲ್ಲಿ ಬರೆಯುವವರಿಗೆ ಬರ ಬಂದೇ ಇಲ್ಲ. ಪಕ್ಕದ ಸಭಾಂಗಣಕ್ಕೆ ಹೋಗಿ ಕೂರುವ ಅಭ್ಯಾಸ ನಮಗೆ ಕಡಿಮೆ. ಈ ಲೇಖನ ಆ ಸಭಾಂಗಣಗಳ ಬಗ್ಗೆ.

ಒಂದೇ ಮುದ್ರಣಾಲಯ, ನಾಲ್ಕು ನಿಘಂಟು

ಹಿಂದೆ ಹೀಗಿರಲಿಲ್ಲ ಎನ್ನಲು ಬಲ್ಮಠದ ಗುಡ್ಡವೇ ಸಾಕ್ಷಿ. 1841ರಲ್ಲಿ ಬಾಸೆಲ್ ಮಿಶನ್ ಮಂಗಳೂರಿನಲ್ಲಿ ಮುದ್ರಣಾಲಯ ಶುರು ಮಾಡಿತು. ಅಚ್ಚಿನ ಮೊಳೆ ಇಲ್ಲದ ಕಾಲ, ಕಲ್ಲಚ್ಚಿನ ಕೆಲಸ. ಕೈಯಲ್ಲಿ ಬರೆದದ್ದನ್ನು ಕಲ್ಲಿಗಿಳಿಸಿ, ಕಲ್ಲಿನಿಂದ ಕಾಗದಕ್ಕೆ ಒತ್ತುತ್ತಿದ್ದರು. ಅದೇ ಕಲ್ಲಚ್ಚಿನಲ್ಲಿ 1843ರ ಜುಲೈ 1ರಂದು ಹರ್ಮನ್ ಮೊಗ್ಲಿಂಗ್ ‘ಮಂಗಳೂರ ಸಮಾಚಾರ’ವನ್ನು ಹೊರತಂದರು. ಕನ್ನಡದ ಮೊದಲ ಪತ್ರಿಕೆ ಅದು. ಊರಿನ ವರ್ತಮಾನ, ಸರ್ಕಾರದ ಅಪ್ಪಣೆ, ಕಥೆ ಎಲ್ಲ ಅದರಲ್ಲಿದ್ದವು. ಕರ್ನಾಟಕದಲ್ಲಿ ಇಂದಿಗೂ ಜುಲೈ 1 ಪತ್ರಿಕಾ ದಿನ. ಮೊಗ್ಲಿಂಗ್ ಅಷ್ಟಕ್ಕೇ ನಿಲ್ಲದೆ ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳನ್ನೆಲ್ಲ ‘ಬಿಬ್ಲಿಯೋಥಿಕಾ ಕರ್ನಾಟಿಕಾ’ ಮಾಲೆಯಲ್ಲಿ ಅಚ್ಚು ಹಾಕಿಸಿದರು. ತಾಳೆಗರಿಯಲ್ಲೂ ಬಾಯಲ್ಲೂ ಉಳಿದಿದ್ದ ಕಾವ್ಯ ಪುಸ್ತಕವಾಗಿ ಓದುಗರ ಕೈಗೆ ಬಂದದ್ದು ಹೀಗೆ.

ನನ್ನನ್ನು ಬೆರಗುಗೊಳಿಸುವ ಸಂಗತಿ ಇದರ ನಂತರದ್ದು. ಹರ್ಮನ್ ಗುಂಡರ್ಟರ ಮಲಯಾಳಂ ನಿಘಂಟು 1872ರಲ್ಲಿ ಮಂಗಳೂರಿನಿಂದ ಪ್ರಕಟವಾಯಿತು. ಮಾಫೆಯಿ ಪಾದ್ರಿಗಳ ಇಂಗ್ಲಿಷ್-ಕೊಂಕಣಿ ನಿಘಂಟು ಬಂದದ್ದು 1883ರಲ್ಲಿ. ಮ್ಯಾನರರ ತುಳು ನಿಘಂಟು 1886ರಲ್ಲಿ. ಸುಮಾರು 70,000 ಪದಗಳ ಕಿಟೆಲ್ ಕನ್ನಡ ನಿಘಂಟು 1894ರಲ್ಲಿ. ಇಪ್ಪತ್ತೆರಡು ವರ್ಷಗಳೊಳಗೆ ನಾಲ್ಕು ಭಾಷೆಗಳ ನಾಲ್ಕು ದೊಡ್ಡ ನಿಘಂಟುಗಳು ಒಂದೇ ಮಿಶನ್ನಿನ ಮುದ್ರಣ ವ್ಯವಸ್ಥೆಯಿಂದ ಹೊರಬಿದ್ದವು. ಮಾಫೆಯಿ ಜೆಸ್ವಿಟ್ ಪಾದ್ರಿ, ಮುದ್ರಣಾಲಯ ಪ್ರೊಟೆಸ್ಟಂಟರದ್ದು; ಯುರೋಪಿನಲ್ಲಿ ಈ ಎರಡು ಪಂಗಡಗಳ ನಡುವೆ ಎಷ್ಟು ಜಗಳವಿತ್ತೋ ಬಲ್ಲವರು ಬಲ್ಲರು. ಮಂಗಳೂರಿನ ಮೊಳೆ ಜೋಡಿಸುವವರು ಬೆಳಗ್ಗೆ ತುಳು, ಮಧ್ಯಾಹ್ನ ಕನ್ನಡ ಜೋಡಿಸಿರಬಹುದಾದ ಆ ಕೋಣೆಯನ್ನು ನೆನೆದರೆ ಇಂದಿನ ನಮ್ಮ ಬೇರೆ ಬೇರೆ ಸಭಾಂಗಣಗಳು ಸ್ವಲ್ಪ ಇಕ್ಕಟ್ಟಾಗಿ ಕಾಣುತ್ತವೆ. ಬಲ್ಮಠದ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನ ಪತ್ರಾಗಾರದಲ್ಲಿ ಆ ಕಾಲದ ಹಸ್ತಪ್ರತಿಗಳೂ ಮುದ್ರಿತ ಪುಸ್ತಕಗಳೂ ಇವೆ. ಲೇಖಕರನ್ನು ಹುಡುಕುತ್ತ ಊರು ಸುತ್ತಲು ಹೊರಟವರು ಅಲ್ಲಿಂದಲೇ ಹೊರಡುವುದು ಒಳ್ಳೆಯದು.

ಆ ಬಳಿಕದ ತಲೆಮಾರಿನಲ್ಲಿ ಮೇಷ್ಟ್ರುಗಳು ಊರಿನ ಸಾಹಿತ್ಯವನ್ನು ಹೊತ್ತರು. ಪಂಜೆ ಮಂಗೇಶರಾಯರು ಮಕ್ಕಳಿಗಾಗಿ ಬರೆದದ್ದಷ್ಟೇ ಅಲ್ಲದೆ ಬಾಲಸಾಹಿತ್ಯ ಮಂಡಲ ಕಟ್ಟಿ ಮಕ್ಕಳ ಪುಸ್ತಕಗಳನ್ನು ಹೊರತಂದರು. ಸೇಡಿಯಾಪು ಕೃಷ್ಣ ಭಟ್ಟರು ಸಂತ ಅಲೋಶಿಯಸ್ ಕಾಲೇಜಿನಲ್ಲಿ, ಕಡೆಂಗೋಡ್ಲು ಶಂಕರ ಭಟ್ಟರು ಸಂತ ಆಗ್ನೆಸ್ ಕಾಲೇಜಿನಲ್ಲಿ ಕನ್ನಡ ಕಲಿಸಿದರು. ಕಡೆಂಗೋಡ್ಲು ‘ರಾಷ್ಟ್ರಬಂಧು’ವಿನ ಸಂಪಾದಕರೂ ಹೌದು. ತರಗತಿ, ಪತ್ರಿಕೆ, ಸಭೆ ಈ ಮೂರೂ ಒಬ್ಬರೇ ಮನುಷ್ಯರಲ್ಲಿ ಸೇರಿದ್ದ ಕಾಲ ಅದು. ಕನ್ನಡ ಸಾಹಿತ್ಯ ಸಮ್ಮೇಳನ ಮಂಗಳೂರಿಗೆ ಬಂದದ್ದು 1927ರಲ್ಲಿ. ಮತ್ತೆ ಬರಲು ಎಪ್ಪತ್ತು ವರ್ಷ ಹಿಡಿಯಿತು. 1997ರ ಆ 66ನೇ ಸಮ್ಮೇಳನಕ್ಕೆ ಕಯ್ಯಾರ ಕಿಞ್ಞಣ್ಣ ರೈ ಅಧ್ಯಕ್ಷರು. ಕಾಸರಗೋಡಿನ ಕನ್ನಡಕ್ಕಾಗಿ ಜೀವಮಾನವಿಡೀ ಹೋರಾಡಿದ ಅವರು ತುಳುವಿನಲ್ಲೂ ಕವಿತೆ ಬರೆದವರು.

ಉರ್ವಸ್ಟೋರ್

ಇಂದಿನ ಮಂಗಳೂರಿನಲ್ಲಿ ಸಾಹಿತ್ಯದ ವಿಳಾಸ ಕೇಳಿದರೆ ನಾನು ಎರಡು ಬಡಾವಣೆಗಳ ಹೆಸರು ಹೇಳುತ್ತೇನೆ. ಒಂದು ಉರ್ವಸ್ಟೋರ್, ಇನ್ನೊಂದು ಶಕ್ತಿನಗರ.

ಉರ್ವಸ್ಟೋರಿನಲ್ಲಿ ಕರ್ನಾಟಕ ತುಳು ಸಾಹಿತ್ಯ ಅಕಾಡೆಮಿಯ ತುಳು ಭವನವಿದೆ. ಅದೇ ಬಡಾವಣೆಯಲ್ಲಿ ಕರಾವಳಿ ಲೇಖಕಿಯರ ಮತ್ತು ವಾಚಕಿಯರ ಸಂಘದ ‘ಸಾಹಿತ್ಯ ಸದನ’ವಿದೆ. ಸಂಘದ ಹೆಸರನ್ನು ಗಮನಿಸಿ: ಬರೆಯುವವರ ಜೊತೆ ಓದುವವರಿಗೂ ಸಮನಾದ ಜಾಗ. ಅಡುಗೆಮನೆಯ ಕೆಲಸ ಮುಗಿಸಿ, ಮಧ್ಯಾಹ್ನದ ಬಸ್ಸು ಹಿಡಿದು ಬಂದು, ಓದಿದ ಕಾದಂಬರಿಯ ಬಗ್ಗೆ ಎದ್ದು ನಿಂತು ಎರಡು ಮಾತಾಡಿದ ಹೆಂಗಸರು ಮುಂದೆ ತಾವೇ ಕಥೆ ಬರೆದದ್ದು ಈ ಸಂಘದ ದೊಡ್ಡ ಸಾಧನೆ. ಚಂದ್ರಕಲಾ ನಂದಾವರ, ಬಿ.ಎಂ. ರೋಹಿಣಿ ಅಂಥವರು ಈ ಸಂಘವನ್ನು ಬೆಳೆಸಿದವರು.

1990ರಿಂದ 1994ರವರೆಗೆ ಅದರ ಅಧ್ಯಕ್ಷರಾಗಿದ್ದವರು ಸಾರಾ ಅಬೂಬಕ್ಕರ್. ಕಾಸರಗೋಡಿನಲ್ಲಿ 1936ರಲ್ಲಿ ಹುಟ್ಟಿ, ಕನ್ನಡ ಶಾಲೆಯಲ್ಲಿ ಓದಿ, ಮದುವೆ ಮಕ್ಕಳು ಎಂದು ಹಲವು ವರ್ಷ ಕಳೆದ ಮೇಲೆ ಬರವಣಿಗೆಗೆ ಇಳಿದವರು ಅವರು. ‘ಚಂದ್ರಗಿರಿಯ ತೀರದಲ್ಲಿ’ ಕಾದಂಬರಿ ಲಂಕೇಶ್ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದು ನಾಡಿನ ಮನೆಮನೆಗಳನ್ನು ತಲುಪಿತು. ತಲಾಖಿನ ಕಟ್ಟುಪಾಡಿಗೆ ಸಿಕ್ಕ ನಾದಿರಾಳ ಕಥೆಯನ್ನು ಆ ಮನೆಯ ಒಳಗಿನಿಂದಲೇ ಕಂಡು ಬರೆದವರು ಕನ್ನಡದಲ್ಲಿ ಅಲ್ಲಿಯವರೆಗೆ ಇರಲಿಲ್ಲ. ಮನೆಮಾತು ಮಲಯಾಳಂ, ಬರೆದದ್ದು ಕನ್ನಡದಲ್ಲಿ, ಬಾಳಿದ್ದು ಮಂಗಳೂರಿನಲ್ಲಿ. ತಮ್ಮ ಪುಸ್ತಕಗಳನ್ನು ಪ್ರಕಟಿಸಲು ಚಂದ್ರಗಿರಿ ಪ್ರಕಾಶನವನ್ನೂ ಕಟ್ಟಿಕೊಂಡರು. ಸಿಟ್ಟು ಮಾಡಿಕೊಂಡವರು ಅವರ ಧರ್ಮದಲ್ಲೂ ಇದ್ದರು, ಹೊರಗೂ ಇದ್ದರು. ಅವರು ಮಾತು ಬದಲಿಸಲಿಲ್ಲ. 2023ರ ಜನವರಿ 10ರಂದು ಅವರು ಮಂಗಳೂರಿನಲ್ಲೇ ತೀರಿಕೊಂಡರು. ಇಂಥ ಲೇಖಕಿಯನ್ನು ಸಭೆಯ ಕೊನೆಯಲ್ಲಿ ಹತ್ತಿರ ಹೋಗಿ ಮಾತಾಡಿಸಬಹುದಿತ್ತು, ‘ಆ ಪಾತ್ರ ಹಾಗೇಕೆ ಮಾಡಿತು’ ಎಂದು ಕೇಳಬಹುದಿತ್ತು. ಸಣ್ಣ ಊರಿನ ಸಾಹಿತ್ಯ ಸಭೆಗಳು ಕೊಡುವ ಭಾಗ್ಯ ಅದು.

ಮಂಗಳೂರಿನ ಹೊನ್ನಕಟ್ಟೆಯವರಾದ ಎಚ್. ನಾಗವೇಣಿಯವರ ‘ಗಾಂಧಿ ಬಂದ’ ಇದೇ ಮಣ್ಣಿನ ಇನ್ನೊಂದು ದೊಡ್ಡ ಕಾದಂಬರಿ. ಗಾಂಧೀಜಿ ಮಂಗಳೂರಿಗೆ 1920, 1927 ಮತ್ತು 1934ರಲ್ಲಿ, ಒಟ್ಟು ಮೂರು ಸಲ ಬಂದರು. ಆ ಕಾಲದ ತುಳುನಾಡಿನ ಮನೆ, ಗುತ್ತು, ಜಾತಿ, ಹೆಂಗಸರ ಬಾಳು ಇವೆಲ್ಲವನ್ನು ಇಲ್ಲಿನ ಮಾತಿನಲ್ಲೇ ಹೆಣೆದ ಕೃತಿ ಅದು. ಮಂಗಳೂರಿಗೆ ಹೊಸದಾಗಿ ಬಂದು ನೆಲೆಸಿದ ಯಾರಾದರೂ ಊರನ್ನು ಅರಿಯಲು ಒಂದು ಪುಸ್ತಕ ಕೇಳಿದರೆ ನಾನು ಇದನ್ನೇ ಕೊಡುತ್ತೇನೆ.

ಐದು ನಿಮಿಷ, ಐದು ಭಾಷೆ

ಇಲ್ಲಿನ ಬಹುಭಾಷಾ ಕವಿಗೋಷ್ಠಿಯನ್ನು ಹೊರಗಿನವರಿಗೆ ಹೇಳಿ ಅರ್ಥ ಮಾಡಿಸುವುದು ಕಷ್ಟ. ದಸರೆಗೆ, ದೀಪಾವಳಿಗೆ, ರಾಜ್ಯೋತ್ಸವಕ್ಕೆ, ಯಾವುದೋ ಸಂಘದ ವಾರ್ಷಿಕೋತ್ಸವಕ್ಕೆ ಊರಿಡೀ ಇವು ನಡೆಯುತ್ತವೆ. ವೇದಿಕೆಯ ಮೇಲೆ ಪ್ಲಾಸ್ಟಿಕ್ ಕುರ್ಚಿಗಳ ಸಾಲು. ಒಬ್ಬರು ತುಳು, ಒಬ್ಬರು ಕೊಂಕಣಿ, ಒಬ್ಬರು ಬ್ಯಾರಿ, ಒಬ್ಬರು ಹವ್ಯಕ, ಒಬ್ಬರು ಕುಂದಾಪ್ರ ಕನ್ನಡ, ಒಬ್ಬರು ಅರೆಭಾಷೆ, ಕೆಲವೊಮ್ಮೆ ಮಲಯಾಳಂ. ಒಬ್ಬೊಬ್ಬರಿಗೆ ಐದು ನಿಮಿಷ. ಅಧ್ಯಕ್ಷತೆ ವಹಿಸಿದವರ ಮುಂದೆ ಕೈಗಡಿಯಾರ.

ಅಂಥ ಒಂದು ಗೋಷ್ಠಿಯಲ್ಲಿ ಕಂಡದ್ದನ್ನು ಹೇಳುತ್ತೇನೆ. ಬ್ಯಾರಿಯಲ್ಲಿ ಓದಲು ಎದ್ದ ಯುವಕ ಮೊದಲು ಕನ್ನಡದಲ್ಲಿ ಎರಡು ಮಾತಿನಲ್ಲಿ ಕವಿತೆಯ ಹುರುಳು ತಿಳಿಸಿದ. ಗಲ್ಫಿಗೆ ಹೋದ ಗಂಡ, ಫೋನಿನಲ್ಲಿ ಮಾತ್ರ ಅಪ್ಪನನ್ನು ಬಲ್ಲ ಮಗು. ಆಮೇಲೆ ಬ್ಯಾರಿಯಲ್ಲಿ ಓದಿದ. ಮುಂದಿನ ಸಾಲಿನಲ್ಲಿದ್ದ ವಯಸ್ಸಾದ ಕೊಂಕಣಿ ಹೆಂಗಸೊಬ್ಬರು ಸೀರೆಯ ಸೆರಗಿನಿಂದ ಕಣ್ಣೊರೆಸಿಕೊಂಡರು. ಅವರ ಮಗನೂ ಕುವೈತಿನಲ್ಲಿದ್ದಾನೆಂದು ಚಹಾದ ಹೊತ್ತಿಗೆ ಗೊತ್ತಾಯಿತು. ಕವಿತೆಯ ಒಂದೊಂದು ಪದ ಅವರಿಗೆ ತಿಳಿದಿರಲಿಕ್ಕಿಲ್ಲ. ಅದರ ಮುಂದಿನ ಕವಿ ತುಳುವಿನಲ್ಲಿ ಓದಿ ಸಭೆಯನ್ನು ನಗಿಸಿದರು. ಆ ಹೆಂಗಸು ಕೂಡಾ ನಕ್ಕರು. ತುಳು ಇಲ್ಲಿ ಮೀನು ಮಾರ್ಕೆಟಿನ ಭಾಷೆಯೂ ಹೌದು, ಬಸ್ ಸ್ಟ್ಯಾಂಡಿನ ಭಾಷೆಯೂ ಹೌದು, ಎಲ್ಲರಿಗೂ ಬರುತ್ತದೆ.

ಮಂಗಳೂರಿನ ಓದುಗರಿಗೆ ಒಂದು ಅನುಕೂಲವಿದೆ, ಅದನ್ನು ನಾವು ಬಳಸುವುದೇ ಇಲ್ಲ. ತುಳು, ಬ್ಯಾರಿ, ಮಂಗಳೂರಿನ ಕೊಂಕಣಿ ಈ ಮೂರೂ ಬಹುಮಟ್ಟಿಗೆ ಅಚ್ಚಾಗುವುದು ಕನ್ನಡ ಲಿಪಿಯಲ್ಲಿ. ಕನ್ನಡ ಓದಬಲ್ಲವರೆಲ್ಲ ಈ ಮೂರು ಭಾಷೆಗಳ ಪುಸ್ತಕವನ್ನು ತೆರೆದು ಗಟ್ಟಿಯಾಗಿ ಓದಬಹುದು. ಬಾಯಿ ಬಿಟ್ಟು ಓದಿದರೆ, ದಿನವೂ ಕಿವಿಗೆ ಬೀಳುವ ಮಾತೇ ಆದ್ದರಿಂದ, ಅರ್ಧಕ್ಕರ್ಧ ಅರ್ಥವೂ ಆಗುತ್ತದೆ. ಉಳಿದರ್ಧಕ್ಕೆ ಪಕ್ಕದ ಮನೆಯವರಿದ್ದಾರೆ. ಹಾಗಿದ್ದೂ ಕನ್ನಡದ ಓದುಗ ಕೊಂಕಣಿ ಪುಸ್ತಕವನ್ನು ಕೊಳ್ಳುವುದು ಅಪರೂಪ. ಈ ಬಾಗಿಲನ್ನು ಮೊದಲು ತೆರೆಯುವುದು ಕವಿಗೋಷ್ಠಿ. ಕವಿಯ ದನಿ ಒಮ್ಮೆ ಕಿವಿಗೆ ಬಿದ್ದ ಮೇಲೆ ಪುಸ್ತಕ ಅನ್ಯಭಾಷೆಯದ್ದಾಗಿ ಕಾಣುವುದಿಲ್ಲ.

ಶಕ್ತಿನಗರ

ಶಕ್ತಿನಗರದ ಗುಡ್ಡದ ಮೇಲೆ ಕೊಂಕಣಿಗೆ ಎರಡು ಮನೆಗಳಿವೆ. ಬಸ್ತಿ ವಾಮನ ಶೆಣೈ ಅವರು ಕಟ್ಟಿ ನಿಲ್ಲಿಸಿದ ವಿಶ್ವ ಕೊಂಕಣಿ ಕೇಂದ್ರ 2009ರಲ್ಲಿ ತೆರೆಯಿತು. ಕೊಂಕಣಿಯ ಹಿರಿಯರ ಭಾವಚಿತ್ರಗಳ ಕೀರ್ತಿ ಮಂದಿರ ಅಲ್ಲಿದೆ. ಇನ್ನೊಂದು ಮಾಂಡ್ ಸೊಭಾಣ್ ಸಂಸ್ಥೆಯ ಕಲಾಂಗಣ್. ಎರಿಕ್ ಒಝೇರಿಯೊ 1986ರಲ್ಲಿ ಹುಟ್ಟುಹಾಕಿದ ಸಂಸ್ಥೆ ಅದು. ಅಲ್ಲಿ 2002ರಿಂದ ಪ್ರತಿ ತಿಂಗಳ ಮೊದಲ ಭಾನುವಾರ ‘ತಿಂಗಳ ವೇದಿಕೆ’ ನಡೆಯುತ್ತಿದೆ. ನಾಟಕ, ಹಾಡು, ಕಾವ್ಯ ಏನಾದರೂ ಇರುತ್ತದೆ. ಒಂದು ಭಾಷೆಯ ಜನ ಎರಡು ದಶಕಕ್ಕೂ ಮೀರಿ ಒಂದು ತಾರೀಖನ್ನು ಕಾಪಾಡಿಕೊಂಡು ಬರುವುದು ಸಣ್ಣ ಕೆಲಸವಲ್ಲ. ಇಡೀ ರಾಜ್ಯದಲ್ಲಿ ಕನ್ನಡದ ಎಷ್ಟು ವೇದಿಕೆಗಳು ಇಷ್ಟು ಪಟ್ಟಾಗಿ ನಡೆದಿವೆ?

ಕೊಂಕಣಿಯ ಮುದ್ರಿತ ಬಾಳು ಇನ್ನೂ ಹಿಂದಿನದು. ‘ರಾಕ್ಣೊ’ ವಾರಪತ್ರಿಕೆ 1938ರಲ್ಲಿ ಶುರುವಾಯಿತು. ಚಾಫ್ರಾ ಡಿಕೋಸ್ತಾ ಅವರಂಥ ಕವಿ-ನಾಟಕಕಾರರು ಈ ಊರಿನವರು. ಮೆಲ್ವಿನ್ ರೊಡ್ರಿಗಸ್ 2011ರಲ್ಲಿ ‘ಪ್ರಕೃತಿಚೊ ಪಾಸ್’ ಸಂಕಲನಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದರು. ಅವರ ಕವಿತಾ ಟ್ರಸ್ಟ್ ವರ್ಷ ವರ್ಷ ‘ಕವಿತಾ ಫೆಸ್ಟ್’ ನಡೆಸುತ್ತದೆ. ಪೂರ್ತಿ ಕವಿತೆಗೇ ಮೀಸಲಾದ ಹಬ್ಬ. ವಿಲ್ಸನ್ ಕಟೀಲು ಅವರಂತೆ ಕೊಂಕಣಿಯಲ್ಲೂ ಕನ್ನಡದಲ್ಲೂ ಸರಾಗವಾಗಿ ಬರೆಯುವ ಕವಿಗಳು ಈಗಿನ ತಲೆಮಾರಿನಲ್ಲಿದ್ದಾರೆ. ಅವರ ಓದು ಕೇಳಲು ಎರಡೂ ಭಾಷೆಯ ಜನ ಸೇರುತ್ತಾರೆ.

ಒಂದು ಕಷ್ಟವನ್ನೂ ಹೇಳಬೇಕು. ಕೊಂಕಣಿ 1992ರಲ್ಲಿ ಸಂವಿಧಾನದ ಎಂಟನೇ ಪರಿಚ್ಛೇದ ಸೇರಿತು. ಆದರೆ ಕೇಂದ್ರ ಸಾಹಿತ್ಯ ಅಕಾಡೆಮಿ ಕೊಂಕಣಿ ಪ್ರಶಸ್ತಿಗೆ ದೇವನಾಗರಿಯಲ್ಲಿ ಬಂದ ಪುಸ್ತಕಗಳನ್ನೇ ಪರಿಗಣಿಸುತ್ತ ಬಂದಿದೆ. ಕನ್ನಡ ಲಿಪಿಯಲ್ಲಿ ಬರೆಯುವ ಮಂಗಳೂರಿನ ಲೇಖಕರಿಗೆ ಇದು ಹಳೆಯ ನೋವು. ತುಳುವಂತೂ ಇನ್ನೂ ಎಂಟನೇ ಪರಿಚ್ಛೇದದ ಬಾಗಿಲಲ್ಲೇ ಕಾಯುತ್ತಿದೆ. ದಿಲ್ಲಿಯ ಮನ್ನಣೆ ಬರುವ ದಾರಿ ಇಷ್ಟು ಇಕ್ಕಟ್ಟಾಗಿರುವಾಗ ಈ ಲೇಖಕರು ನೆಚ್ಚಿಕೊಳ್ಳಬೇಕಾದದ್ದು ಊರಿನ ಓದುಗರನ್ನೇ. ನಮ್ಮ ಮೇಲೆ ಅವರಿಗೆ ಹಕ್ಕಿದೆ ಎಂದು ನಾನು ನಂಬುತ್ತೇನೆ.

ಆಟಿಯ ಮಳೆ, ಅರ್ಥಧಾರಿಯ ಮಾತು

ಸಾಹಿತ್ಯ ಸಭೆ ಎಂದರೆ ಪುಸ್ತಕ ಇರಲೇಬೇಕೆಂದಿಲ್ಲ. ಮಳೆಗಾಲದಲ್ಲಿ ಯಕ್ಷಗಾನ ಮೇಳಗಳ ತಿರುಗಾಟ ನಿಂತಾಗ ಊರಿನ ಸಭಾಭವನಗಳಲ್ಲಿ ತಾಳಮದ್ದಳೆ ಸಾಲುಗಟ್ಟುತ್ತದೆ. ವೇಷವಿಲ್ಲ, ಕುಣಿತವಿಲ್ಲ. ಭಾಗವತರ ಹಾಡು, ಮದ್ದಳೆ, ಎದುರುಬದುರು ಕುಳಿತ ಅರ್ಥಧಾರಿಗಳು. ಕರ್ಣನೋ ಕೃಷ್ಣನೋ ವಾಲಿಯೋ ಆಗಿ ಅವರಾಡುವ ಮಾತು ಎಲ್ಲೂ ಬರೆದಿಟ್ಟದ್ದಲ್ಲ. ಆ ಕ್ಷಣಕ್ಕೆ ಹುಟ್ಟಿದ್ದು. ಎದುರಾಳಿ ಎಸೆದ ಪ್ರಶ್ನೆಗೆ ಉತ್ತರ ಕಟ್ಟಬೇಕು, ಪಾತ್ರ ಮುರಿಯಬಾರದು, ಕನ್ನಡ ಕೆಡಬಾರದು. ಶೇಣಿ ಗೋಪಾಲಕೃಷ್ಣ ಭಟ್, ಮಲ್ಪೆ ರಾಮದಾಸ ಸಾಮಗ, ದೇರಾಜೆ ಸೀತಾರಾಮಯ್ಯ, ಕುಂಬಳೆ ಸುಂದರ ರಾವ್ ಅವರನ್ನು ನಾನು ಕನ್ನಡ ಗದ್ಯದ ದೊಡ್ಡ ಲೇಖಕರ ಸಾಲಿನಲ್ಲೇ ಇಡುತ್ತೇನೆ. ಮಂಗಳೂರಿನ ಎಂ. ಪ್ರಭಾಕರ ಜೋಶಿ ಅರ್ಥವನ್ನೂ ಹೇಳಿದರು, ಆ ಕಲೆಯ ಬಗ್ಗೆ ಪುಸ್ತಕಗಳನ್ನೂ ಬರೆದರು. ‘ಯಕ್ಷಗಾನ ಪದಕೋಶ’ ಅವರದ್ದು.

ತುಳುವರ ಆಟಿ ತಿಂಗಳು ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ. ಹಿಂದೆ ಗದ್ದೆ ಕೆಲಸ ಮುಗಿದು ಕಣಜ ಬರಿದಾಗುವ, ಮಳೆ ಬಿಡದ ಕಷ್ಟದ ತಿಂಗಳು. ಈಗ ‘ಆಟಿಡೊಂಜಿ ದಿನ’ ಎಂಬ ಹೆಸರಿನಲ್ಲಿ ಸಂಘ ಸಂಸ್ಥೆಗಳು ಊರ ತುಂಬ ಸಭೆ ನಡೆಸುತ್ತವೆ. ಪತ್ರೊಡೆ, ತಜಂಕ್, ಹಲಸಿನ ತಿನಿಸುಗಳ ಸಾಲು ಒಂದು ಕಡೆ, ಪಾಡ್ದನ, ಗಾದೆ, ಒಗಟು, ತುಳು ಕವಿತೆ ಇನ್ನೊಂದು ಕಡೆ. ಇವು ಬರೇ ಊಟದ ಕೂಟಗಳಾಗುತ್ತಿವೆ ಎಂದು ಬೇಸರಿಸುವವರಿದ್ದಾರೆ. ಅವರ ಮಾತನ್ನು ನಾನು ಒಪ್ಪುವುದಿಲ್ಲ. ಪತ್ರೊಡೆಗಾಗಿ ಬಂದ ಹುಡುಗಿ ಪಾಡ್ದನ ಕೇಳಿ ಮನೆಗೆ ಹೋಗುತ್ತಾಳೆ, ಅಜ್ಜಿಯನ್ನು ‘ನಿಮಗೂ ಬರುತ್ತದಾ’ ಎಂದು ಕೇಳುತ್ತಾಳೆ. ಬಿ.ಎ. ವಿವೇಕ ರೈ ಅವರಂಥ ವಿದ್ವಾಂಸರು ತುಳು ಜನಪದ ಸಾಹಿತ್ಯವನ್ನು ಅಧ್ಯಯನ ಮಾಡಿದ್ದು ಇಂಥ ಬಾಯಿಗಳಿಂದ ಕೇಳಿಯೇ.

ಅಮೃತ ಸೋಮೇಶ್ವರರ ಹೆಸರು ಇಲ್ಲಿ ಬರಲೇಬೇಕು. ಮಂಗಳೂರಿನ ಹೊರವಲಯದ ಕೋಟೆಕಾರಿನಲ್ಲಿ ನೆಲೆಸಿದ್ದ ಅವರು ಕನ್ನಡದಲ್ಲಿ ಕತೆ, ಕವಿತೆ, ತುಳುವಿನಲ್ಲಿ ಕಾವ್ಯ, ನಾಟಕ, ಜೊತೆಗೆ ಯಕ್ಷಗಾನ ಪ್ರಸಂಗ, ಜಾನಪದ ಸಂಶೋಧನೆ ಎಲ್ಲವನ್ನೂ ಮಾಡಿದರು. ಯಾವ ಭಾಷೆಯವರು ಕರೆದರೂ ಹೋಗಿ ಮಾತಾಡಿದರು. 2024ರ ಜನವರಿಯಲ್ಲಿ ಅವರು ತೀರಿಕೊಂಡರು. ಮರುತಿಂಗಳೇ, ಕಾದಂಬರಿಗಳಿಂದ ಒಂದು ಇಡೀ ತಲೆಮಾರಿನ ವಾರಪತ್ರಿಕೆ ಓದುಗರನ್ನು ಹಿಡಿದಿಟ್ಟಿದ್ದ ಕೆ.ಟಿ. ಗಟ್ಟಿ ಕೂಡಾ ಹೋದರು. ಅದಕ್ಕೆ ಒಂದು ವರ್ಷ ಹಿಂದೆ ಸಾರಾ. ಹಿರಿಯರನ್ನು ಕಣ್ಣಾರೆ ಕಂಡು ಕಿವಿಯಾರೆ ಕೇಳುವ ಅವಕಾಶ ನಾವು ತಿಳಿದಷ್ಟು ಉದ್ದವಾಗಿ ಇರುವುದಿಲ್ಲ.

ದೊಡ್ಡ ಹಬ್ಬಗಳು

ದೊಡ್ಡ ಸಮ್ಮೇಳನಗಳ ಕಥೆ ಬೇರೆ. ಮೂಡುಬಿದಿರೆಯ ವಿದ್ಯಾಗಿರಿಯಲ್ಲಿ ಎಂ. ಮೋಹನ ಆಳ್ವರು 2004ರಲ್ಲಿ ಆರಂಭಿಸಿದ ನುಡಿಸಿರಿ ಕರಾವಳಿಯ ಜನಕ್ಕೆ ಸಾವಿರಗಟ್ಟಲೆ ಸಂಖ್ಯೆಯಲ್ಲಿ ಸಾಹಿತ್ಯ ಕೇಳುವ ರುಚಿ ಹತ್ತಿಸಿತು. 2013ರಲ್ಲಿ, ಬೇರೆಯದೇ ನಿಲುವಿನ ಬರಹಗಾರರೂ ಹೋರಾಟಗಾರರೂ ‘ಅಭಿಮತ ಮಂಗಳೂರು’ ಹೆಸರಿನಲ್ಲಿ ‘ಜನನುಡಿ’ ಆರಂಭಿಸಿ ಬಜ್ಜೋಡಿಯ ಶಾಂತಿಕಿರಣದಲ್ಲಿ ಸೇರಿದರು. 2018ರಲ್ಲಿ ಭಾರತ್ ಫೌಂಡೇಶನ್ ‘ಮಂಗಳೂರು ಲಿಟ್ ಫೆಸ್ಟ್’ ಶುರು ಮಾಡಿತು, ಟಿ.ಎಂ.ಎ. ಪೈ ಸಭಾಂಗಣದಲ್ಲಿ ದೇಶದ ನಾನಾ ಕಡೆಯ ಮಾತುಗಾರರು ಬಂದರು. ಒಬ್ಬೊಬ್ಬರ ಒಲವು ಒಂದೊಂದು ಕಡೆ. ಒಂದಕ್ಕೆ ಹೋದವರು ಇನ್ನೊಂದಕ್ಕೆ ಹೋಗುವುದಿಲ್ಲ, ಹೋದರೆ ಏನಾದರೂ ಅಂದುಕೊಳ್ಳುತ್ತಾರೆಂಬ ಅಂಜಿಕೆಯೂ ಇದೆ. ಓದುಗರಾದವರು ಈ ಅಂಜಿಕೆ ಬಿಡಬೇಕು. ಒಪ್ಪದ ಮಾತನ್ನೂ ಪೂರ್ತಿ ಕೇಳಿ ಬರುವುದು ಓದುಗರ ಕೆಲಸ.

ಆದರೆ ಈ ಊರಿನ ಲೇಖಕರನ್ನು ಕಾಣಲು ದೊಡ್ಡ ಹಬ್ಬಗಳು ಒಳ್ಳೆಯ ಜಾಗವಲ್ಲ. ಅಲ್ಲಿ ಹೊರಗಿನಿಂದ ವಿಮಾನದಲ್ಲಿ ಬಂದವರಿಗೆ ಮುಖ್ಯ ವೇದಿಕೆ, ಊರಿನವರಿಗೆ ಅರ್ಧ ಗಂಟೆಯ ಗೋಷ್ಠಿ. ಸಣ್ಣ ಸಭೆಗಳಿಗೂ ಅವುಗಳದ್ದೇ ದೋಷವಿದೆ. ಸ್ವಾಗತ, ಪ್ರಾಸ್ತಾವಿಕ, ದೀಪ, ಐವರು ಅತಿಥಿಗಳ ಭಾಷಣ ಎಲ್ಲ ಮುಗಿದು, ರಿಬ್ಬನ್ ಬಿಚ್ಚಿ, ಬಣ್ಣದ ಕಾಗದ ಹರಿದು, ಪುಸ್ತಕವನ್ನು ಎದೆಮಟ್ಟಕ್ಕೆ ಹಿಡಿದು ಫೋಟೊ ತೆಗೆಸಿಕೊಂಡ ಮೇಲೆ ಲೇಖಕರಿಗೆ ಉಳಿಯುವುದು ಐದು ನಿಮಿಷ. ಅಷ್ಟರಲ್ಲಿ ಹಿಂದಿನ ಸಾಲು ಗೋಳಿಬಜೆಯ ಕಡೆ ಹೊರಟಿರುತ್ತದೆ. ಸಂಘಟಕರಲ್ಲಿ ನನ್ನ ಬೇಡಿಕೆ ಇಷ್ಟೇ: ಅತಿಥಿಗಳನ್ನು ಇಬ್ಬರಿಗೆ ಇಳಿಸಿ, ಲೇಖಕರಿಂದ ಎರಡು ಪುಟ ಓದಿಸಿ, ಹತ್ತು ನಿಮಿಷ ಸಭಿಕರ ಪ್ರಶ್ನೆಗೆ ಬಿಡಿ. ಪುಸ್ತಕ ಮಾರುವ ಮೇಜನ್ನು ಬಾಗಿಲ ಹೊರಗೆ ಇಡದೆ ಚಹಾದ ಪಕ್ಕದಲ್ಲಿಡಿ.

ಪುಸ್ತಕ ಸಿಗುವ ಜಾಗ

ಬಿಡುಗಡೆಯ ದಿನ ಕಂಡ ಪುಸ್ತಕ ಮರುವಾರ ಎಲ್ಲಿ ಸಿಗುತ್ತದೆ? ಮಂಗಳೂರಿನಲ್ಲಿ ಈ ಪ್ರಶ್ನೆಗೆ ಮೂವತ್ತೇಳು ವರ್ಷ ಒಂದು ಗಟ್ಟಿ ಉತ್ತರವಿತ್ತು. ಜಿ.ಎನ್. ಅಶೋಕವರ್ಧನರು 1975ರಲ್ಲಿ ಆರಂಭಿಸಿದ ಅತ್ರಿ ಬುಕ್ ಸೆಂಟರ್ ಬಲ್ಮಠದಲ್ಲಿ ಇದ್ದಷ್ಟು ಕಾಲ ಕರಾವಳಿಯ ಓದುಗರಿಗೂ ಲೇಖಕರಿಗೂ ಅದೇ ಅಡ್ಡೆ. ಅಂಗಡಿಗೆ ಹೊಕ್ಕರೆ ಪುಸ್ತಕದ ಜೊತೆ ಲೇಖಕರೂ ಸಿಗುತ್ತಿದ್ದರು. ಅವರ ತಂದೆ ಜಿ.ಟಿ. ನಾರಾಯಣ ರಾವ್ ಕನ್ನಡದ ವಿಜ್ಞಾನ ಸಾಹಿತ್ಯಕ್ಕೆ ದೊಡ್ಡ ಹೆಸರು. ಪುಸ್ತಕೋದ್ಯಮದ ಒಳಗಿನ ಕಷ್ಟಗಳನ್ನು ಅಶೋಕವರ್ಧನರು ‘ಪುಸ್ತಕ ಮಾರಾಟ ಹೋರಾಟ’ ಎಂಬ ಪುಸ್ತಕವಾಗಿಯೂ ಬರೆದರು. 2012ರಲ್ಲಿ ಅವರು ಅಂಗಡಿ ಮುಚ್ಚಿದರು. ತಮ್ಮ ಪ್ರಕಾಶನದ ಪುಸ್ತಕಗಳನ್ನು ಅಂತರಜಾಲದಲ್ಲಿ ಎಲ್ಲರಿಗೂ ಉಚಿತವಾಗಿ ತೆರೆದಿಟ್ಟರು. ಅವರ ಮಗ ಅಭಯಸಿಂಹ ಶೇಕ್ಸ್‌ಪಿಯರನ ಮ್ಯಾಕ್‌ಬೆತ್ ಕಥೆಯನ್ನು ಮೀನುಗಾರರ ನಡುವೆ ತಂದು ತುಳುವಿನಲ್ಲಿ ‘ಪಡ್ಡಾಯಿ’ ಸಿನಿಮಾ ಮಾಡಿ ರಾಷ್ಟ್ರಪ್ರಶಸ್ತಿ ಪಡೆದದ್ದು ಈ ಮನೆತನದ ಇನ್ನೊಂದು ಅಧ್ಯಾಯ.

ಈಗ ನವಕರ್ನಾಟಕದ ಮಳಿಗೆಯಿದೆ, ಕಲ್ಲೂರು ನಾಗೇಶರ ಆಕೃತಿ ಆಶಯದಂಥ ಊರಿನ ಪ್ರಕಾಶನಗಳಿವೆ. ಆದರೂ ಊರಿನ ಎಲ್ಲ ಭಾಷೆಯ ಲೇಖಕರು ಒಂದೇ ಕಪಾಟಿನಲ್ಲಿ ಅಕ್ಕಪಕ್ಕ ನಿಲ್ಲಬೇಕೆಂಬುದು ನನ್ನ ಆಸೆ. ಬಾವುಟಗುಡ್ಡೆಯ ಗ್ರಂಥಾಲಯಕ್ಕೆ ದಿನವೂ ನೂರಾರು ವಿದ್ಯಾರ್ಥಿಗಳು ಸ್ಪರ್ಧಾ ಪರೀಕ್ಷೆಗೆ ಓದಲು ಬರುತ್ತಾರೆ. ಅವರು ಹಾದುಹೋಗುವ ದಾರಿಯಲ್ಲೇ ಸಾರಾ, ಚಾಫ್ರಾ, ಅಮೃತ ಸೋಮೇಶ್ವರ, ನಾಗವೇಣಿಯವರ ಪುಸ್ತಕಗಳು ಒಟ್ಟಿಗೆ ಕಂಡರೆ ಒಬ್ಬರಾದರೂ ಕೈ ಚಾಚುತ್ತಾರೆ.

ಹೊರಗಿನ ಮನ್ನಣೆ ಬಂದ ಮೇಲಷ್ಟೇ ನಮ್ಮವರನ್ನು ನಾವು ಗುರುತಿಸುವುದಕ್ಕೆ ಅರವಿಂದ ಅಡಿಗರ ಉದಾಹರಣೆ ನೋಡಿ. ಈ ಊರಿನಲ್ಲಿ ಬೆಳೆದು, ಕೆನರಾ ಹೈಸ್ಕೂಲಿನಲ್ಲೂ ಸಂತ ಅಲೋಶಿಯಸ್‌ನಲ್ಲೂ ಓದಿ, 2008ರಲ್ಲಿ ‘ದಿ ವೈಟ್ ಟೈಗರ್’ಗೆ ಬೂಕರ್ ಪಡೆದವರು. ಆ ಸುದ್ದಿ ಬಂದಾಗ ಊರಿಗೆ ಊರೇ ಹೆಮ್ಮೆಪಟ್ಟಿತು. ಅವರ ‘ಬಿಟ್ವೀನ್ ದಿ ಅಸಾಸಿನೇಶನ್ಸ್’ನ ಕಿಟ್ಟೂರು ಎಂಬ ಕಲ್ಪಿತ ಪಟ್ಟಣದಲ್ಲಿ ಮಂಗಳೂರಿನ ಬೀದಿ, ಜಾತಿ, ಭಾಷೆಗಳ ಚಹರೆ ಇದೆ. ಲಂಡನ್ನಿನ ಪ್ರಶಸ್ತಿ ಬರುವವರೆಗೆ ಕಾಯದೆ, ಮೊದಲ ಪುಸ್ತಕದ ಹೊತ್ತಿಗೇ ಗುರುತಿಸಬೇಕಾದ ಬರಹಗಾರರು ಈ ಹೊತ್ತು ಕೂಡಾ ಬಂದರಿನಲ್ಲೋ ಬಜ್ಪೆಯಲ್ಲೋ ಉಳ್ಳಾಲದಲ್ಲೋ ಕುಳಿತು ಬರೆಯುತ್ತಿರುತ್ತಾರೆ.

ಕರಾವಳಿಯ ಇನ್ನೊಂದು ಊರು

ಮಂಗಳೂರಿನಿಂದ ರೈಲು ಹತ್ತಿದರೆ ಅರ್ಧ ದಿನವೂ ಬೇಡ, ಕೋಯಿಕ್ಕೋಡ್ ಸಿಗುತ್ತದೆ. 2023ರಲ್ಲಿ ಯುನೆಸ್ಕೋ ಅದನ್ನು ಸಾಹಿತ್ಯ ನಗರವೆಂದು ಸಾರಿತು. ಭಾರತದಲ್ಲಿ ಆ ಗೌರವ ಪಡೆದ ಮೊದಲ ಊರು ಅದು. ಜಗತ್ತಿನಲ್ಲಿ ಮೊದಲನೆಯದಾದ ಎಡಿನ್‌ಬರೋಗೆ ಅದು ದಕ್ಕಿದ್ದು 2004ರಲ್ಲಿ. ಕೋಯಿಕ್ಕೋಡಿನ ಬಲ ಅದರ ಕಡಲ ತೀರದ ಸಾಹಿತ್ಯೋತ್ಸವಕ್ಕಿಂತ ಹೆಚ್ಚಾಗಿ ಅದರ ವಾಚನಾಲಯಗಳಲ್ಲಿದೆ, ಮಲಯಾಳಂ ಲೇಖಕರಾದ ಬಷೀರ್ ಮತ್ತು ಎಂ.ಟಿ. ಅವರನ್ನು ನಮ್ಮವರು ಎಂದು ಬೀದಿಬೀದಿಯಲ್ಲಿ ಹೇಳಿಕೊಳ್ಳುವ ಜನರಲ್ಲಿದೆ. ಆ ಊರಿನ ಭಾಷೆಯ ಮೊದಲ ದೊಡ್ಡ ನಿಘಂಟುಗಳಲ್ಲಿ ಒಂದಾದ ಗುಂಡರ್ಟರ ನಿಘಂಟು ಮಂಗಳೂರಿನಿಂದ ಹೊರಟದ್ದೆಂದು ಮೇಲೆ ಹೇಳಿದೆ. ಮಂಗಳೂರಿಗೂ ಆ ಪಟ್ಟ ಸಿಗಲಿ ಎಂದು ಅರ್ಜಿ ಹಾಕುವ ಮೊದಲು ನಾವು ಮಾಡಬೇಕಾದದ್ದು ಇಲ್ಲೇ, ಈ ವಾರವೇ ಇದೆ.

ಮುಂದಿನ ಭಾನುವಾರ ಪತ್ರಿಕೆಯ ಆ ಸಣ್ಣ ಅಂಕಣ ತೆರೆಯಿರಿ. ನಿಮ್ಮ ಮನೆಮಾತಿನದ್ದಲ್ಲದ ಒಂದು ಕಾರ್ಯಕ್ರಮ ಆರಿಸಿಕೊಳ್ಳಿ. ನೀವು ಕನ್ನಡದವರಾದರೆ ಶಕ್ತಿನಗರಕ್ಕೆ ಹೋಗಿ, ಕೊಂಕಣಿಯವರಾದರೆ ಉರ್ವಸ್ಟೋರಿನ ತುಳು ಭವನಕ್ಕೆ ಬನ್ನಿ, ತುಳುವರಾದರೆ ಬ್ಯಾರಿ ಕವಿಗಳ ಕೂಟದಲ್ಲಿ ಕುಳಿತುಕೊಳ್ಳಿ. ಎಲ್ಲ ಕಡೆಯೂ ಪ್ರವೇಶ ಸಾಮಾನ್ಯವಾಗಿ ಉಚಿತ, ಕುರ್ಚಿ ಖಾಲಿ ಇರುತ್ತದೆ, ಯಾರೂ ನೀವು ಯಾರೆಂದು ಕೇಳುವುದಿಲ್ಲ. ಮಗಳನ್ನೋ ಮೊಮ್ಮಗನನ್ನೋ ಜೊತೆಗೆ ಕರೆದುಕೊಂಡು ಹೋಗಿ. ಹೊರಡುವಾಗ ಲೇಖಕರ ಕೈಯಿಂದಲೇ ಒಂದು ಪುಸ್ತಕ ಕೊಳ್ಳಿ, ಗೌರವ ಪ್ರತಿ ಕೇಳಬೇಡಿ. ಪೂರ್ತಿ ಬೆಲೆ ಕೊಟ್ಟು ಕೊಳ್ಳಿ, ಓದಿ, ಓದಿದ ಮೇಲೆ ಲೇಖಕರಿಗೆ ಒಂದು ಮಾತು ತಿಳಿಸಿ.